ಜಡಿಮಳೆಗೂ ಡ್ರಮ್ಮಿಗೂ ಜಗ್ಗದ ಕೋಣೆ: ಕೊಡಗಿನ ಮನೆಗಳಲ್ಲಿ ಸದ್ದು ತಡೆಯುವ ಕಟ್ಟೋಣ

ಸೌಂಡ್‌ಪ್ರೂಫ್ ಕೋಣೆ ಮಾಡಿಸಬೇಕು ಎಂದು ಹೊರಟವರು ಮೊದಲು ತರಿಸುವುದು ಕಪ್ಪು ಫೋಮ್ ಹಾಳೆ. ಅವರ ಹಿಂದಿನವರು ಮೊಟ್ಟೆ ಟ್ರೇ ಅಂಟಿಸುತ್ತಿದ್ದರು. ಎರಡರಿಂದಲೂ ಕೋಣೆಯೊಳಗಿನ ಮಾರ್ದನಿ ಒಂದಿಷ್ಟು ತಗ್ಗುತ್ತದೆ, ಅಷ್ಟೇ. ಪಕ್ಕದ ಮನೆಗೆ ಹೋಗುವ ಸದ್ದು ಹೋಗುತ್ತಲೇ ಇರುತ್ತದೆ, ಸೂರಿನ ಮೇಲಿನ ಮಳೆ ಕೇಳುತ್ತಲೇ ಇರುತ್ತದೆ. ಕೋಣೆಯೊಳಗೆ ಸದ್ದು ಚೆನ್ನಾಗಿ ಕೇಳುವಂತೆ ಮಾಡುವುದು ಒಂದು ಕೆಲಸ, ಸದ್ದು ಗೋಡೆ ದಾಟದಂತೆ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಮೆತ್ತನೆಯ, ಗಾಳಿ ನುಸುಳುವ ವಸ್ತು ಸಾಕು. ಎರಡನೆಯದಕ್ಕೆ ತೂಕ ಬೇಕು, ಒಂದಕ್ಕೊಂದು ತಾಗದ ಎರಡು ಪದರ ಬೇಕು, ಎಲ್ಲಿಯೂ ಸಂದು ಉಳಿಯಬಾರದು. ಈ ಬರಹ ಎರಡನೆಯ ಕೆಲಸದ ಕುರಿತದ್ದು.

ಕೊಡಗಿನಲ್ಲಿ ಇಂಥ ಕೋಣೆ ಬೇಕೆನ್ನುವವರು ಹಲವರು. ದುಡಿ ಹಾಡನ್ನೋ ವಾಲಗವನ್ನೋ ಮನೆಯಲ್ಲೇ ರೆಕಾರ್ಡ್ ಮಾಡುವವರು, ಆನ್‌ಲೈನ್ ಪಾಠ ಹೇಳುವವರು, ಮಕ್ಕಳ ಡ್ರಮ್ ಸೆಟ್ಟಿಗೆ ಜಾಗ ಹುಡುಕುವವರು, ಅತಿಥಿಗಳ ಗಲಾಟೆ ಪಕ್ಕದ ಕೋಣೆಗೆ ಕೇಳಬಾರದೆನ್ನುವ ಹೋಂಸ್ಟೇಯವರು. ಬೆಂಗಳೂರಿನ ಸ್ಟುಡಿಯೊಗಳ ವಿಡಿಯೊ ನೋಡಿ ಅದನ್ನೇ ಇಲ್ಲಿ ಮಾಡಿಸಿದರೆ ಕೆಡುವುದು ಎರಡು ಕಡೆ, ಸೂರಿನಲ್ಲಿ ಮತ್ತು ತೇವದಲ್ಲಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಕುಶಾಲನಗರದ ಬಯಲಿಗೆ ಇಳಿದರೆ ಚಿತ್ರವೇ ಬೇರೆ. ಒಂದೇ ಜಿಲ್ಲೆಯಾದರೂ ನಾಪೋಕ್ಲಿನ ಮನೆಗೂ ಕುಶಾಲನಗರದ ಮನೆಗೂ ಒಂದೇ ನಕ್ಷೆ ಹೊಂದುವುದಿಲ್ಲ.

ಎಷ್ಟು ತಡೆದರೆ ಸಾಕು?

ಸದ್ದು ಹೊರಗೆ ಹೋಗಬಾರದೋ ಒಳಗೆ ಬರಬಾರದೋ ಎಂಬುದನ್ನು ಮೊದಲು ತೀರ್ಮಾನಿಸಿ. ತೋಟದ ನಡುವಿನ ಒಂಟಿ ಮನೆಯಲ್ಲಿ ಹೊರಗೆ ಹೋಗುವ ಸದ್ದು ಹೆಚ್ಚಾಗಿ ತೊಂದರೆಯೇ ಅಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ಇರುವಷ್ಟು ಸದ್ದು ನೂರು ಮೀಟರ್ ಆಚೆ 40 ಡೆಸಿಬೆಲ್ ಕಡಿಮೆ. ಈ ಇಳಿಕೆ ದೂರದಿಂದ ಬಂದದ್ದು, ಕಾಫಿ ಗಿಡದಿಂದಲ್ಲ. ಗಿಡಮರಗಳ ಸಾಲು ಜನ ನಂಬಿದಷ್ಟು ಸದ್ದು ತಡೆಯುವುದಿಲ್ಲ. ಅಂಥ ಮನೆಯವರು ದುಡ್ಡನ್ನೆಲ್ಲ ಗೋಡೆಗೆ ಸುರಿಯುವ ಬದಲು ಸೂರಿಗೂ ಜನರೇಟರಿಗೂ ಹಾಕಬೇಕು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಪೇಟೆಯೊಳಗೆ ಮನೆಗೆ ಮನೆ ಅಂಟಿಕೊಂಡಿರುವಲ್ಲಿ ಲೆಕ್ಕ ತಿರುಗಿ ನಿಲ್ಲುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ಡ್ರಮ್ ಸೆಟ್ ಹತ್ತಿರದಲ್ಲಿ 100 ಡೆಸಿಬೆಲ್ ಸುಲಭವಾಗಿ ದಾಟುತ್ತದೆ. ಪಕ್ಕದ ಮನೆ ನಾಲ್ಕೈದು ಮೀಟರಿನಲ್ಲಿದ್ದರೆ ಗೋಡೆ, ಸೂರು, ಬಾಗಿಲು ಸೇರಿ 45–50 ಡೆಸಿಬೆಲ್ ತಡೆಯಲೇಬೇಕು. ಬರಿಯ ಮಾತು, ಪಾಠ, ಹಾಡಿನ ರೆಕಾರ್ಡಿಂಗಿಗೆ ಅಷ್ಟು ಬೇಕಿಲ್ಲ. ಅಲ್ಲಿ ಬೇಕಾದದ್ದು ಕೋಣೆಯೊಳಗಿನ ಹಿನ್ನೆಲೆ ಸದ್ದು 30 ಡೆಸಿಬೆಲ್ ಒಳಗಿರುವುದು.

ಡೆಸಿಬೆಲ್ ಲೆಕ್ಕ ನಮ್ಮ ಕೂಡಿಸು–ಕಳೆಯ ಲೆಕ್ಕದಂತಿಲ್ಲ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಅನ್ನಿಸುತ್ತದೆ. 3 ಡೆಸಿಬೆಲ್ ಇಳಿದದ್ದು ಗೊತ್ತಾಗಬೇಕಾದರೆ ಗಮನವಿಟ್ಟು ಕೇಳಬೇಕು. ಹಾಗಾಗಿ "ಸ್ವಲ್ಪ ಏನಾದರೂ ಹಚ್ಚೋಣ" ಎನ್ನುವ ಕೆಲಸಗಳೆಲ್ಲ ದಂಡ.

ತೂಕ, ನಡುವಿನ ತೆರಪು, ಬಿಗಿ

ಒಂದೇ ಪದರದ ಗೋಡೆಯಲ್ಲಿ ಲೆಕ್ಕಕ್ಕೆ ಬರುವುದು ತೂಕ. ಚದರ ಮೀಟರಿನ ತೂಕ ಇಮ್ಮಡಿಯಾದರೆ ತಡೆ 5–6 ಡೆಸಿಬೆಲ್ ಏರುತ್ತದೆ. ಅರ್ಧ ಮಿ.ಮೀ. ತಗಡಿನ ಶೀಟು ಚದರ ಮೀಟರಿಗೆ 4 ಕಿಲೊ. ಮಂಗಳೂರು ಹೆಂಚಿನ ಸೂರು ಸುಮಾರು 40 ಕಿಲೊ. ಎರಡೂ ಬದಿ ಗಾರೆ ಮಾಡಿದ 8 ಇಂಚಿನ ಸಾಲಿಡ್ ಬ್ಲಾಕ್ ಗೋಡೆ 400 ಕಿಲೊ. ಅದೇ ದಪ್ಪದ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕ್) 120ರಿಂದ 130 ಕಿಲೊ. ಎಎಸಿ ಗೋಡೆ ಶಾಖಕ್ಕೆ ಒಳ್ಳೆಯದಿರಬಹುದು, ಕಟ್ಟುವುದೂ ಸುಲಭ, ಸದ್ದಿನ ಕೆಲಸಕ್ಕೆ ಮಾತ್ರ ಸಾಲಿಡ್ ಬ್ಲಾಕೇ ಸರಿ. ಕೊಡವರ ಕುಲದ ಮೂಲಮನೆಗಳಾದ ಹಳೆಯ ಐನ್‌ಮನೆಗಳ ದಪ್ಪ ಮಣ್ಣಿನ ಗೋಡೆ ಈ ವಿಷಯದಲ್ಲಿ ಈಗಿನ ಎಷ್ಟೋ ಗೋಡೆಗಳಿಗಿಂತ ಮೇಲು. ಅಲ್ಲಿ ಸದ್ದು ಸೋರುವುದು ಗೋಡೆಯಿಂದಲ್ಲ, ಅಟ್ಟದ ಹಲಗೆಗಳ ಸಂದಿನಿಂದ. ಗಾರೆ ಮಾಡದೆ ಬಿಟ್ಟ ಬ್ಲಾಕ್ ಗೋಡೆ ತೂಕವಿದ್ದರೂ ಸೋರುತ್ತದೆ. ಬ್ಲಾಕಿನ ಮೈತುಂಬ ಸಣ್ಣ ತೂತುಗಳಿರುತ್ತವೆ, ಕೀಲುಗಳಲ್ಲಿ ಮೇಸ್ತ್ರಿಗಳು ಸಿಮೆಂಟನ್ನು ಪೂರ್ತಿ ತುಂಬಿರುವುದಿಲ್ಲ. ಸೂರಿನ ಬುಡದವರೆಗೂ ಗಾರೆ ಏರಿದೆಯೇ ಎಂದು ಏಣಿ ಹತ್ತಿ ನೋಡಿ. ಸೀಲಿಂಗ್ ಮರೆಯಾಗುವಲ್ಲಿ ಗಾರೆ ನಿಲ್ಲಿಸಿಬಿಡುವುದು ಮಾಮೂಲು.

ತೂಕ ಒಂದನ್ನೇ ನೆಚ್ಚಿಕೊಂಡು ಹೋದರೆ 400 ಕಿಲೊ ಗೋಡೆಯ ಮೇಲೆ 6 ಡೆಸಿಬೆಲ್ ಗಳಿಸಲು ಇನ್ನೂ 400 ಕಿಲೊ ಹೇರಬೇಕು. ಅದಕ್ಕೆ ಎರಡನೆಯ ಪದರವನ್ನು ಗೋಡೆಗೆ ತಾಗದಂತೆ, ನಡುವೆ ಗಾಳಿ ಬಿಟ್ಟು ನಿಲ್ಲಿಸುತ್ತಾರೆ. ಆದರೆ ನಡುವಿನ ಗಾಳಿಯೂ ಒಂದು ಸ್ಪ್ರಿಂಗೇ. ದುಡಿಯ ಒಂದು ಮುಖಕ್ಕೆ ಹೊಡೆದರೆ ಒಳಗಿನ ಗಾಳಿಯ ಮೂಲಕ ಇನ್ನೊಂದು ಮುಖವೂ ಅದುರುವ ಹಾಗೆ, ಎರಡು ಪದರಗಳ ಗೋಡೆ ಒಂದು ನಿರ್ದಿಷ್ಟ ಕೆಳಸ್ವರದಲ್ಲಿ ಒಟ್ಟಿಗೆ ಅದುರುತ್ತದೆ. ಆ ಸ್ವರದಲ್ಲಿ ಗೋಡೆ ಇದ್ದದ್ದಕ್ಕಿಂತ ಹೆಚ್ಚು ಸೋರುತ್ತದೆ. ಅದರ ಒಂದೂವರೆ ಪಟ್ಟು ಮೇಲೆ ಹೋದ ನಂತರವೇ ಲಾಭ ಶುರು.

ಈ ಸ್ವರ ಎಲ್ಲಿ ಬೀಳುತ್ತದೆ ಎಂಬುದು ಪದರಗಳ ತೂಕ ಮತ್ತು ನಡುವಿನ ತೆರಪಿನ ಮೇಲಿದೆ. 400 ಕಿಲೊ ಗೋಡೆಯ ಮುಂದೆ ಎರಡು ಪದರ ಜಿಪ್ಸಮ್ ಬೋರ್ಡ್, ಅಂದರೆ ಚದರ ಮೀಟರಿಗೆ 17–18 ಕಿಲೊ ನಿಲ್ಲಿಸಿದಿರಿ ಎನ್ನಿ. ತೆರಪು 25 ಮಿ.ಮೀ. ಆದರೆ ಆ ಸ್ವರ 90 ಹರ್ಟ್ಸ್ (ಸೆಕೆಂಡಿಗೆ 90 ಅದುರು) ಆಸುಪಾಸು, 50 ಮಿ.ಮೀ. ಆದರೆ 65, 100 ಮಿ.ಮೀ. ಆದರೆ 46. ಗೋಡೆಗೆ ಒಂದಿಂಚು ರೀಪು ಹೊಡೆದು ಮೇಲೆ ಬೋರ್ಡ್ ಹಚ್ಚುವ ಪದ್ಧತಿಯಲ್ಲಿ ಬಾಸ್ ಗಿಟಾರೂ ಕಿಕ್ ಡ್ರಮ್ಮೂ ಮೊದಲಿಗಿಂತ ಚೆನ್ನಾಗಿ ಹೊರಗೆ ಕೇಳುವುದು ಇದೇ ಕಾರಣಕ್ಕೆ. ರೀಪಿನ ಮೂಲಕ ಬೋರ್ಡಿಗೂ ಗೋಡೆಗೂ ನೇರ ಸಂಪರ್ಕ ಬೇರೆ. 100 ಮಿ.ಮೀ. ತೆರಪಿಗಿಂತ ಕಡಿಮೆ ಮಾಡಿ ಸಂಗೀತದ ಕೋಣೆ ಕಟ್ಟುವುದರಲ್ಲಿ ಅರ್ಥವಿಲ್ಲ. ತೆರಪಿನೊಳಗೆ 50 ಮಿ.ಮೀ. ದಪ್ಪದ, ಕಲ್ಲಿನ ಎಳೆಗಳಿಂದ ಮಾಡಿದ ಹಾಸು, ಅಂದರೆ ರಾಕ್‌ವೂಲ್ ಇರಬೇಕು. ಅದು ಗಾಳಿಯ ಕುಣಿತವನ್ನು ತಗ್ಗಿಸುತ್ತದೆ. ಥರ್ಮೋಕೋಲ್ ಹಾಕಿದರೆ ಆ ಕೆಲಸ ಆಗುವುದಿಲ್ಲ, ಅದರೊಳಗೆ ಗಾಳಿ ನುಸುಳುವುದೇ ಇಲ್ಲ.

ತೆರಪು ಬಿಟ್ಟು ನಿಲ್ಲಿಸಿದ ಎರಡು ಪದರಕ್ಕಿಂತ ಮೂರು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಇದ್ದ ಜಾಗದೊಳಗೇ ಮೂರನೆಯ ಪದರ ತೂರಿಸಿದರೆ ತೆರಪು ಎರಡು ಹೋಳಾಗಿ, ಪ್ರತಿ ಹೋಳೂ ಚಿಕ್ಕದಾಗಿ, ಆ ಅದುರುವ ಸ್ವರ ಮೇಲಕ್ಕೆ ಏರುತ್ತದೆ. ಹಳೆಯ ಫಾಲ್ಸ್ ಸೀಲಿಂಗನ್ನು ಬಿಚ್ಚದೆ ಅದರ ಕೆಳಗೆ ಹೊಸದನ್ನು ಕಟ್ಟಿದಲ್ಲೆಲ್ಲ ಆಗುವುದು ಇದೇ. ಹಳೆಯದನ್ನು ಬಿಚ್ಚಿ, ಅದರ ಬೋರ್ಡನ್ನೂ ಹೊಸ ಪದರಕ್ಕೇ ಸೇರಿಸಿ.

ಇನ್ನು ಬಿಗಿ. ಹತ್ತು ಚದರ ಮೀಟರ್ ಗೋಡೆಯನ್ನು ಎಷ್ಟೇ ಚೆನ್ನಾಗಿ ಕಟ್ಟಿ, ಅದರಲ್ಲಿ 900 ಮಿ.ಮೀ. ಬಾಗಿಲಿನ ಕೆಳಗೆ 10 ಮಿ.ಮೀ. ಸಂದು ಉಳಿದರೆ ಇಡೀ ಗೋಡೆ 30 ಡೆಸಿಬೆಲ್ ಮೀರಿ ತಡೆಯಲಾರದು. ಸಂದು 1 ಮಿ.ಮೀ. ಇದ್ದರೂ ಮಿತಿ 40. ಗಾಳಿ ಹೋಗುವಲ್ಲಿ ಸದ್ದೂ ಹೋಗುತ್ತದೆ.

ಸೂರಿನ ಕೆಲಸ

ಇಲ್ಲಿ ಗೋಡೆಗಿಂತ ಮೊದಲು ಕೈಹಾಕಬೇಕಾದ್ದು ಸೂರಿಗೆ. ಮಳೆಯ ಸದ್ದು ಗಾಳಿಯಲ್ಲಿ ತೇಲಿ ಬರುವ ಸದ್ದಲ್ಲ. ಹನಿ ತಗಡನ್ನು ಕುಟ್ಟುತ್ತದೆ, ಅದುರಿದ ತಗಡೇ ಸ್ಪೀಕರಾಗುತ್ತದೆ. ಸೂರಿನ ಮಳೆ ಸದ್ದನ್ನು ಲ್ಯಾಬಿನಲ್ಲಿ ಅಳೆಯುವಾಗ ಭಾರಿ ಮಳೆ ಎಂದರೆ ಗಂಟೆಗೆ 40 ಮಿ.ಮೀ., ಹನಿಯ ಅಗಲ 5 ಮಿ.ಮೀ. ಎಂದು ಇಟ್ಟುಕೊಳ್ಳುತ್ತಾರೆ. ಕಕ್ಕಡದ (ಜುಲೈ–ಆಗಸ್ಟಿನ ಕೊಡವ ತಿಂಗಳು) ಮಳೆ ಕಂಡವರಿಗೆ ಅದೇನೂ ದೊಡ್ಡದಲ್ಲ.

ಈಗಿನ ಬಹಳಷ್ಟು ಮನೆಗಳಲ್ಲಿ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ಸೋರದಿರಲೆಂದು ಕಬ್ಬಿಣದ ಟ್ರಸ್, ಮೇಲೆ ಶೀಟು. ಐದಾರು ಇಂಚಿನ ಸ್ಲ್ಯಾಬ್ ಚದರ ಮೀಟರಿಗೆ 300–360 ಕಿಲೊ ತೂಗುತ್ತದೆ. ಶೀಟಿನ ಸದ್ದು ಗಾಳಿಯ ದಾರಿಯಲ್ಲಿ ಅದನ್ನು ದಾಟುವುದು ಕಷ್ಟ. ಆದರೂ ಕೋಣೆಯಲ್ಲಿ ಗುಂಯ್ ಎಂದು ಕೇಳುವುದೇಕೆಂದರೆ ಟ್ರಸ್ಸಿನ ಕಂಬಗಳು ಸ್ಲ್ಯಾಬಿನಿಂದ ಬಿಟ್ಟ ಕಂಬಿಗೆ ವೆಲ್ಡ್ ಆಗಿರುತ್ತವೆ. ಶೀಟಿನ ಅದುರು ಅದನ್ನು ಹೊತ್ತ ಅಡ್ಡಪಟ್ಟಿ, ಅಂದರೆ ಪರ್ಲಿನ್ ಹಿಡಿದು, ಕಂಬ ಇಳಿದು, ಸ್ಲ್ಯಾಬಿಗೆ ತಲುಪುತ್ತದೆ. ಹೊಸದಾಗಿ ಟ್ರಸ್ ಹಾಕಿಸುವವರು ಕಂಬದ ಬೇಸ್ ಪ್ಲೇಟಿನ ಕೆಳಗೆ 12 ಮಿ.ಮೀ. ನಿಯೋಪ್ರೀನ್ ರಬ್ಬರಿನ ಪ್ಯಾಡ್ ಇಟ್ಟು, ಆಂಕರ್ ಬೋಲ್ಟಿಗೆ ರಬ್ಬರ್ ಬುಷ್ ಮತ್ತು ವಾಷರ್ ಹಾಕಿಸಿ. ಪರ್ಲಿನ್ ಮತ್ತು ಶೀಟಿನ ನಡುವೆ ಇಪಿಡಿಎಂ ರಬ್ಬರ್ ಪಟ್ಟಿ ಕೊಡಿಸಿ. ಬೋಲ್ಟಿನ ಸಂಖ್ಯೆ, ಗಾತ್ರ ಎರಡನ್ನೂ ಕಡಿಮೆ ಮಾಡಬೇಡಿ. ಮಳೆಗಾಲದ ಗಾಳಿ ಸೂರನ್ನು ಮೇಲಕ್ಕೆ ಎತ್ತಲು ನೋಡುತ್ತದೆ, ಸದ್ದಿನ ಆಸೆಗೆ ಸೂರು ಹಾರಿಸಿಕೊಳ್ಳಬಾರದು. ಆಗಲೇ ವೆಲ್ಡ್ ಆಗಿರುವ ಟ್ರಸ್ಸನ್ನು ಮುಟ್ಟುವುದಕ್ಕಿಂತ ಕೋಣೆಯೊಳಗೆ ಸ್ಲ್ಯಾಬಿಗೆ ತಾಗದ ಸೀಲಿಂಗ್ ಕಟ್ಟುವುದೇ ಅಗ್ಗ.

ಸ್ಲ್ಯಾಬಿಲ್ಲದೆ ಬರಿಯ ಶೀಟಿನಡಿ ಇರುವ ಕೋಣೆ ಕಷ್ಟದ್ದು. ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ) ಹಾಕಿಸಿದರೆ ಸದ್ದೂ ನಿಲ್ಲುತ್ತದೆ ಎಂದು ಮಾರುವವರು ಹೇಳುತ್ತಾರೆ. ಅದು ತಡೆಯುವುದು ಶಾಖವನ್ನು, ಸದ್ದು ತಡೆಯಲು ಬೇಕಾದ ತೂಕ ಅದರಲ್ಲಿಲ್ಲ. ಕೆಲಸಕ್ಕೆ ಬರುವ ಜೋಡಣೆ ಹೀಗೆ: ಮೇಲೆ ಶೀಟು, ಅದರ ಅಡಿಗೆ ತಾಗಿಕೊಂಡೇ ಇರುವಂತೆ ಒತ್ತಿ ಕೂರಿಸಿದ 50 ಮಿ.ಮೀ. ವೂಲ್, ಅದರ ಕೆಳಗೆ 10 ಮಿ.ಮೀ. ಸಿಮೆಂಟ್ ಬೋರ್ಡ್. ವೂಲ್ ತಗಡಿಗೆ ಒತ್ತಿಕೊಂಡಿದ್ದರೆ ತಗಡಿನ ಅದುರು ಅಲ್ಲೇ ಸಾಯುತ್ತದೆ. ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟರೆ ಆ ಲಾಭವಿಲ್ಲ. ಅಲ್ಲಿಂದ ಕನಿಷ್ಠ 200 ಮಿ.ಮೀ. ಬಿಟ್ಟು, ಟ್ರಸ್ಸಿಗೆ ನೇತು ಹಾಕದೆ, ಒಳಗಿನ ಗೋಡೆಗಳ ಮೇಲೆ ಕೂತ ಎರಡು ಪದರದ ಸೀಲಿಂಗ್. ಸಿಮೆಂಟ್ ಬೋರ್ಡಿನಿಂದ ಸೂರಿನ ಮೇಲೆ ಚದರ ಮೀಟರಿಗೆ ಹದಿಮೂರು ಹದಿನಾಲ್ಕು ಕಿಲೊ ಹೆಚ್ಚು ಬೀಳುತ್ತದೆ, ಟ್ರಸ್ ತಡೆಯುತ್ತದೆಯೇ ಎಂದು ಎಂಜಿನಿಯರಿಗೆ ತೋರಿಸಿ. ಹೆಂಚಿನ ಮನೆಯಲ್ಲಿ ಹೆಂಚನ್ನೂ ರೀಪನ್ನೂ ಮುಟ್ಟದೆ ಕೆಳಗೆ ಹೀಗೇ ಸ್ವತಂತ್ರ ಸೀಲಿಂಗ್ ಕಟ್ಟಬೇಕು. ಹೆಂಚಿನಡಿಯ ಗಾಳಿಯಾಟವನ್ನು ಮುಚ್ಚಿದರೆ ಪಕ್ಕಾಸು ಕುಂಬಾಗುತ್ತದೆ. ಇಲಿ ಬಾರದಂತೆ ಸೂರಂಚಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ, ರಾಕ್‌ವೂಲ್ ಇಲಿಗಳಿಗೆ ಬಲು ಇಷ್ಟದ ಹಾಸಿಗೆ.

ಸೂರು ಸರಿಮಾಡಿದ ಮೇಲೂ ಟಪಟಪ ಕೇಳಿದರೆ ಕಿಟಕಿ ಮೇಲಿನ ಶೀಟಿನ ಮರೆ, ಗೋಡೆಗೆ ಕ್ಲಾಂಪ್ ಹೊಡೆದ ಮಳೆನೀರಿನ ಪಿವಿಸಿ ಪೈಪು, ಎರಡನ್ನೂ ನೋಡಿ. ಆ ಗೋಡೆಯ ಪೈಪನ್ನು ಬೇರೆ ಮೂಲೆಗೆ ಸರಿಸುವುದು ಅರ್ಧ ದಿನದ ಕೆಲಸ.

ಕೋಣೆಯೊಳಗೊಂದು ಕೋಣೆ

ಲೆಕ್ಕಕ್ಕೆ ಒಂದು ಕೋಣೆ ಹಿಡಿಯೋಣ. ಸ್ಲ್ಯಾಬ್ ಮನೆ, ನೆಲಮಹಡಿ, ಸಾಲಿಡ್ ಬ್ಲಾಕ್ ಗೋಡೆ, ಒಳಗೆ 4.2 ಮೀಟರ್ ಉದ್ದ, 3.6 ಅಗಲ, 3 ಎತ್ತರ, ಹೆಚ್ಚುಕಡಿಮೆ 14 ಅಡಿಗೆ 12 ಅಡಿ. ಗೋಡೆಯಿಂದ 40 ಮಿ.ಮೀ. ಬಿಟ್ಟು 60 ಮಿ.ಮೀ. ಫ್ರೇಮ್, ಅದರ ಮೇಲೆ 25 ಮಿ.ಮೀ. ಬೋರ್ಡ್. ಪ್ರತಿ ಬದಿ 125 ಮಿ.ಮೀ. ಹೋಗುತ್ತದೆ, ಮೇಲೆ 145 ಮಿ.ಮೀ. ಹೋಗುತ್ತದೆ. ಉಳಿಯುವುದು 3.95 × 3.35 × 2.85 ಮೀಟರ್. ಈ ಮೂರೂ ಅಳತೆ ಒಂದಕ್ಕೊಂದು ದೂರವಿರುವುದು ಒಳ್ಳೆಯದೇ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಮೂರೂ ದಿಕ್ಕಿನ ಅನುರಣನ 56 ಹರ್ಟ್ಸಿನಲ್ಲೇ ಬಂದು ಕೂರುತ್ತದೆ, ಆ ಒಂದು ಸ್ವರ ಗುಂಯ್ಗುಡುತ್ತದೆ.

ಫ್ರೇಮಿಗೆ ಮರ ಬೇಡ. ಮುಚ್ಚಿದ ತೆರಪಿನೊಳಗೆ ಗೆದ್ದಲು ಹತ್ತಿದರೆ ಬೋರ್ಡ್ ಬೀಳುವವರೆಗೂ ಗೊತ್ತಾಗುವುದಿಲ್ಲ. 60 × 40 ಮಿ.ಮೀ., 2 ಮಿ.ಮೀ. ದಪ್ಪದ ಬಾಕ್ಸ್ ಪೈಪಿನಲ್ಲಿ ಕೆಳಗೊಂದು, ಮೇಲೊಂದು ಚೌಕಟ್ಟು, ಹತ್ತು ಕಂಬ, ಸೀಲಿಂಗಿಗೆ 3.35 ಮೀಟರಿನ ಆರು ತೊಲೆ. ತೊಲೆಯನ್ನು 60 ಮಿ.ಮೀ. ಬದಿ ನಿಲ್ಲುವಂತೆ ಇಡಬೇಕು, ಮಲಗಿಸಿದರೆ ಜೋಲುತ್ತದೆ. ಒಟ್ಟು 76 ಮೀಟರ್ ಆಸುಪಾಸು, ಆರು ಮೀಟರಿನ 13 ಪೈಪ್ ಸಾಕು. ಇದನ್ನು ಊರಿನ ಯಾವ ವೆಲ್ಡಿಂಗ್ ಅಂಗಡಿಯವರಾದರೂ ಮಾಡುತ್ತಾರೆ. ವೆಲ್ಡ್ ಆದ ಕಡೆಯೆಲ್ಲ ರೆಡ್ ಆಕ್ಸೈಡ್ ಎರಡು ಕೈ. ಕಂಬಗಳ ನಡುವೆ ಬೋರ್ಡ್ ಹಿಡಿಯಲು 600 ಮಿ.ಮೀ.ಗೊಂದು ಜಿ.ಐ. ಸ್ಟಡ್, ಅಂದರೆ ಸತು ಲೇಪಿಸಿದ ತಗಡಿನ ನಿಲುಪಟ್ಟಿ.

ಬೋರ್ಡ್ ಹೊದಿಸಬೇಕಾದ ಜಾಗ ಬಾಗಿಲು ಕಳೆದು 53 ಚದರ ಮೀಟರ್. ಎರಡು ಪದರಕ್ಕೆ 106. ನಮ್ಮಲ್ಲಿ ಸಿಗುವ 6 × 4 ಅಡಿ ಹಾಳೆ 2.23 ಚದರ ಮೀಟರ್, ಕತ್ತರಿಸಿ ಹಾಳಾಗುವುದೂ ಸೇರಿ 52 ಹಾಳೆ ತರಿಸಿ. 12.5 ಮಿ.ಮೀ. ದಪ್ಪದ್ದು, ತೇವ ತಡೆಯುವ ಹಸಿರು ಬಣ್ಣದ್ದು. ಮಳೆ ಹೆಚ್ಚಿರುವ ಕಡೆ ತೆರಪಿನ ಬದಿಯ ಪದರಕ್ಕೆ ಜಿಪ್ಸಮ್ ಬದಲು 12 ಮಿ.ಮೀ. ಸಿಮೆಂಟ್ ಪಾರ್ಟಿಕಲ್ ಬೋರ್ಡ್ ಹಾಕಿದರೆ ತೂಕವೂ ಏರುತ್ತದೆ, ತೇವಕ್ಕೂ ಅಂಜಬೇಕಿಲ್ಲ. ಕತ್ತರಿಸುವವರು ಮಾತ್ರ ಗೊಣಗುತ್ತಾರೆ. ರಾಕ್‌ವೂಲ್ ಘನ ಮೀಟರಿಗೆ 48 ಕಿಲೊ ಸಾಂದ್ರತೆಯದು, 55 ಚದರ ಮೀಟರ್. ಒಣಗಿ ಬಿರುಕು ಬಿಡದ ಅಕ್ರಿಲಿಕ್ ಸೀಲಂಟ್ 300 ಮಿ.ಲೀ. ಟ್ಯೂಬ್ ಇಪ್ಪತ್ತರ ಮೇಲೆ. ಇವಿಷ್ಟೂ ಮೈಸೂರಿನಿಂದಲೇ ಬರುವುದು ಹೆಚ್ಚು, ಗಾಡಿ ಬಾಡಿಗೆ ಒಮ್ಮೆಗೇ ಮುಗಿಯುವಂತೆ ಲೆಕ್ಕ ಹಾಕಿಕೊಳ್ಳಿ.

ಈ ಒಳಕೋಣೆ ಒಂದೂಕಾಲು ಟನ್ ತೂಗುತ್ತದೆ. ಅದು ಕೂರುವುದು ಕೆಳ ಚೌಕಟ್ಟಿನಡಿಯ ರಬ್ಬರ್ ಪ್ಯಾಡಿನ ಮೇಲೆ. 600 ಮಿ.ಮೀ.ಗೊಂದರಂತೆ 24–25 ಪ್ಯಾಡ್, ಪ್ರತಿಯೊಂದರ ಮೇಲೆ 50 ಕಿಲೊ ಚಿಲ್ಲರೆ. ಇಲ್ಲಿ ದೊಡ್ಡ ಪ್ಯಾಡ್ ಇಟ್ಟರೆ ಒಳ್ಳೆಯದು ಎಂದುಕೊಳ್ಳುವುದು ಸಹಜ, ಆದರೆ ತಪ್ಪು. ರಬ್ಬರು ಕೆಲಸ ಮಾಡುವುದು ಒತ್ತಿ ಸ್ವಲ್ಪ ಕುಗ್ಗಿದಾಗ. ಅಗಲದ ಪ್ಯಾಡಿನ ಮೇಲೆ ಇಷ್ಟು ತೂಕ ಬಿದ್ದರೆ ಅದು ಕುಗ್ಗುವುದೇ ಇಲ್ಲ, ಕಲ್ಲಿನಂತೆ ಕೂತಿರುತ್ತದೆ. 50 × 40 ಮಿ.ಮೀ. ಅಳತೆ, 12 ಮಿ.ಮೀ. ದಪ್ಪ, 45–50 ಶೋರ್ ಗಡಸುತನದ ನಿಯೋಪ್ರೀನ್ ಸಾಕು. ಪ್ಯಾಡುಗಳ ನಡುವಿನ ಜಾಗಕ್ಕೆ ವೂಲ್ ತುರುಕಿ. ಫ್ರೇಮನ್ನು ನೆಲಕ್ಕೆ ಬೋಲ್ಟ್ ಮಾಡಬೇಡಿ. ನಾಲ್ಕು ಗೋಡೆ ಒಂದಕ್ಕೊಂದು ಸೇರಿದ ಪೆಟ್ಟಿಗೆ ತಾನೇ ನಿಲ್ಲುತ್ತದೆ.

ನೆಲವನ್ನೂ ತೇಲಿಸಬೇಕೇ? ನೆಲಮಹಡಿಯಲ್ಲಿ, ಮಣ್ಣಿನ ಮೇಲೆ ಕೂತ ನೆಲಕ್ಕೆ ಅಗತ್ಯವಿಲ್ಲ. ಆ ದುಡ್ಡನ್ನು ಬಾಗಿಲಿಗೆ ಹಾಕಿ. ಡ್ರಮ್ ಸೆಟ್ಟಿದ್ದರೆ ಅದರಡಿಗೆ ರಬ್ಬರ್ ಮೇಲೆ ಕೂತ ಎರಡು ಪದರ 18 ಮಿ.ಮೀ. ಪ್ಲೈವುಡ್ಡಿನ ಕಟ್ಟೆ ಮಾಡಿಸಿದರೆ ಸಾಕು. ಮೇಲಿನ ಮಹಡಿಯಾದರೆ ಬೇರೆ ಮಾತು. ಅಲ್ಲಿ ನೆಲ ತೇಲಿಸದೆ ಗೋಡೆಗೆ ಎಷ್ಟು ಸುರಿದರೂ ಕೆಳಗಿನ ಕೋಣೆಗೆ ಪೆಡಲ್ ಪೆಟ್ಟು ಬೀಳುತ್ತಲೇ ಇರುತ್ತದೆ, ಆದರೆ ಒಂದೂಕಾಲು ಟನ್ನಿನ ಮೇಲೆ ಕಾಂಕ್ರೀಟ್ ನೆಲವನ್ನೂ ಹೊರಿಸುವ ಮುನ್ನ ಸ್ಲ್ಯಾಬಿನ ಲೆಕ್ಕ ಎಂಜಿನಿಯರಿಂದ ಆಗಬೇಕು.

ಬೋರ್ಡ್ ಹೊಡೆಯುವ ಕ್ರಮ ಹೀಗೆ. ಮೊದಲ ಪದರ 25 ಮಿ.ಮೀ. ಸ್ಕ್ರೂನಿಂದ, ಎರಡನೆಯದು 38 ಮಿ.ಮೀ. ಸ್ಕ್ರೂನಿಂದ. ಬಾಕ್ಸ್ ಪೈಪಿಗೆ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ. ಒಳಪದರದ ಕೀಲಿನ ಮೇಲೆ ಹೊರಪದರದ ಕೀಲು ಬರಬಾರದು. ನೆಲ, ಸೀಲಿಂಗ್, ಮೂಲೆ ಎಲ್ಲ ಕಡೆ 6 ಮಿ.ಮೀ. ಬಿಟ್ಟು, ಪದರ ಪದರಕ್ಕೂ ಸೀಲಂಟ್ ತುಂಬಬೇಕು. ಮೇಲೆ ಪುಟ್ಟಿ ಬಳಿದು ಮುಚ್ಚಿದರೆ ಕಾಣಲು ಚೆನ್ನ, ಮೊದಲ ಬೇಸಿಗೆಗೇ ಕೂದಲೆಳೆ ಬಿರುಕು. ಎರಡು ಪದರದ ನಡುವೆ ಒಣಗದ ಅಂಟು ಬಳಿದು ಅದುರು ತಗ್ಗಿಸುವ ಪದ್ಧತಿಯೂ ಇದೆ, ಫಲ ನಿಜ, ದುಬಾರಿ. ಅದೇ ದುಡ್ಡಿಗೆ ಮೂರನೆಯ ಬೋರ್ಡನ್ನು ಎರಡರ ಮೈಗೆ ತಾಗಿಸಿಯೇ ಹೊಡೆಸಬಹುದು.

ಈ ಇಡೀ ಕೆಲಸವನ್ನು ಕೆಡಿಸುವುದು ಸಣ್ಣ ಸಂಗತಿಗಳು. ಸೀಲಿಂಗ್ ಕೆಲಸದವರಿಗೆ ಗೋಡೆಗೆ ಆಂಗಲ್ ಕ್ಲಿಪ್ ಹೊಡೆದು ಸ್ಟಡ್ ಬಿಗಿಯುವುದು ಕೈಗೆ ಹತ್ತಿದ ಅಭ್ಯಾಸ. ಬೇಡವೆಂದು ಮೊದಲ ದಿನವೇ ಹೇಳಿ, ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಟಾರ್ಚ್ ಹಿಡಿದು ತೆರಪಿನೊಳಗೆ ನೋಡಿ. ಗೋಡೆಯಿಂದ ಹೊರಚಾಚಿದ ಹಳೆಯ ಮೊಳೆ, ಕರಣೆಯಿಂದ ಉದುರಿ ಕೆಳಗೆ ಗಟ್ಟಿಯಾದ ಸಿಮೆಂಟ್ ಉಂಡೆ, ಚೌಕಟ್ಟಿನಡಿ ಸಿಕ್ಕ ಬೋರ್ಡ್ ತುಂಡು, ಇವುಗಳಲ್ಲಿ ಯಾವುದಾದರೂ ಒಂದು ಹೊರಗೋಡೆಯನ್ನೂ ಫ್ರೇಮನ್ನೂ ಒಟ್ಟಿಗೆ ಮುಟ್ಟಿದರೆ ಅಲ್ಲಿಂದ ಸದ್ದು ದಾಟುತ್ತದೆ. ಮುಚ್ಚುವ ಮುನ್ನ ಒಂದು ಕಾರ್ಡನ್ನು ತೆರಪಿನಲ್ಲಿ ಉದ್ದಕ್ಕೂ ಎಳೆದು ನೋಡುವುದು ಸುಲಭದ ಪರೀಕ್ಷೆ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸೇತುವೆಯಿದೆ.

ಬಾಗಿಲು, ಕಿಟಕಿ, ಗಾಳಿ

ಒಂದು ಬಾಗಿಲಿನಿಂದ ಆಗುವ ಕೆಲಸವಲ್ಲ. 35 ಮಿ.ಮೀ. ಸಾಲಿಡ್ ಫ್ಲಶ್ ಡೋರ್ ಒಂದೇ ಆದರೆ 30 ಡೆಸಿಬೆಲ್ ಒಳಗೇ ನಿಲ್ಲುತ್ತದೆ. ಹೊರಗೋಡೆಗೊಂದು ಹೊರಕ್ಕೆ ತೆರೆಯುವುದು, ಒಳಫ್ರೇಮಿಗೊಂದು ಒಳಕ್ಕೆ ತೆರೆಯುವುದು, ಎರಡು ಬೇಕು. ಎರಡರ ಚೌಕಟ್ಟು ಒಂದೇ ಮರದ್ದಾಗಿದ್ದರೆ ಮಾಡಿದ್ದೆಲ್ಲ ವ್ಯರ್ಥ. ನಡುವಿನ ಸಂದನ್ನು ದಪ್ಪ ಬಟ್ಟೆಯಿಂದಲೋ ಮೆತ್ತನೆಯ ರಬ್ಬರಿನಿಂದಲೋ ಮುಚ್ಚಿ. ಒಳಬಾಗಿಲಿನ ಒಂದು ಮುಖಕ್ಕೆ 12 ಮಿ.ಮೀ. ಸಿಮೆಂಟ್ ಪಾರ್ಟಿಕಲ್ ಬೋರ್ಡ್ ಹೊಡೆಸಿದರೆ 28 ಕಿಲೊ ಹೆಚ್ಚಾಗುತ್ತದೆ, ಆಗ ಮೂರರ ಬದಲು ನಾಲ್ಕು ಬೇರಿಂಗ್ ಕೀಲು ಬೇಕು. ಮಾರ್ಚಿನಲ್ಲಿ ಬಡಗಿ ಬಿಗಿಯಾಗಿ ಕೂರಿಸಿದ ಬಾಗಿಲು ಜುಲೈನಲ್ಲಿ ಉಬ್ಬಿ ತೆರೆಯುವುದೇ ಇಲ್ಲ, ಕೆತ್ತಿಸಿದರೆ ಡಿಸೆಂಬರಿನಲ್ಲಿ ಸಂದು. ಸುತ್ತಲೂ 4 ಮಿ.ಮೀ. ಬಿಟ್ಟೇ ಕೂರಿಸಿ, ಬಿಗಿಯ ಕೆಲಸವನ್ನು ಎರಡು ಸಾಲು ಇಪಿಡಿಎಂ ಗ್ಯಾಸ್ಕೆಟ್ಟಿಗೂ ಬಾಗಿಲು ಮುಚ್ಚಿದಾಗ ತಾನೇ ಇಳಿಯುವ ಕೆಳಪಟ್ಟಿಗೂ ಬಿಡಿ. ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಸರಾಗ ಬಂದ ಕಡೆ ಗ್ಯಾಸ್ಕೆಟ್ ಒತ್ತಿಲ್ಲ.

ಕಿಟಕಿ ಇಲ್ಲದಿದ್ದರೆ ಒಳಿತು. ತೋಟ ಕಾಣಲೇಬೇಕೆಂದರೆ ಹೊರಗೋಡೆಗೆ 10 ಮಿ.ಮೀ., ಒಳಫ್ರೇಮಿಗೆ 6 ಮಿ.ಮೀ. ಲ್ಯಾಮಿನೇಟೆಡ್ ಗಾಜು, ಎರಡೂ ತೆರೆಯದಂಥವು. ದಪ್ಪ ಬೇರೆಬೇರೆ ಇರಬೇಕು, ಒಂದೇ ದಪ್ಪದ ಗಾಜುಗಳು ಒಂದೇ ಸ್ವರಕ್ಕೆ ಸೋಲುತ್ತವೆ. ನಡುವೆ ಸಿಲಿಕಾ ಜೆಲ್ ಇಡದಿದ್ದರೆ ಮೊದಲ ಮಳೆಗಾಲಕ್ಕೇ ಒಳಗಿನಿಂದ ಮಂಜು ಹಿಡಿಯುತ್ತದೆ, ಒರೆಸಲು ಕೈ ಹೋಗುವುದಿಲ್ಲ.

ಇಷ್ಟು ಬಿಗಿ ಮಾಡಿದ ಕೋಣೆಯಲ್ಲಿ ನಾಲ್ಕು ಜನ ಕೂತರೆ ಇಪ್ಪತ್ತು ನಿಮಿಷಕ್ಕೆ ಕಾರ್ಬನ್ ಡೈಆಕ್ಸೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು) ತಲುಪುತ್ತದೆ, ತಲೆ ಭಾರವಾಗುತ್ತದೆ. ಊಟಿಯಂಥ ಹವೆ, ಏಸಿ ಬೇಡ ಎಂದು ಗಾಳಿಯನ್ನೇ ಮರೆತವರು ಕೊನೆಗೆ ಬಾಗಿಲು ತೆರೆದಿಟ್ಟು ನುಡಿಸುತ್ತಾರೆ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಗಾಳಿ ಎಂದರೆ ನಾಲ್ವರಿಗೆ 40. ಇದು 200 ಮಿ.ಮೀ. ಕೊಳವೆಯಲ್ಲಿ ಸೆಕೆಂಡಿಗೆ 1.3 ಮೀಟರಿನಂತೆ ಸದ್ದಿಲ್ಲದೆ ಹರಿಯುತ್ತದೆ. ಅದೇ ಗಾಳಿಯನ್ನು 100 ಮಿ.ಮೀ. ಕೊಳವೆಗೆ ನುಗ್ಗಿಸಿದರೆ ಸುಯ್ ಎನ್ನುತ್ತದೆ. ಒಳಬರುವ ದಾರಿಗೊಂದು, ಹೊರಹೋಗುವ ದಾರಿಗೊಂದು 18 ಮಿ.ಮೀ. ಪ್ಲೈವುಡ್ ಪೆಟ್ಟಿಗೆ ಮಾಡಿಸಿ. ಒಳಗೆ 25 ಮಿ.ಮೀ. ವೂಲ್, ಮೇಲೆ ತೆಳು ಬಟ್ಟೆ. ಗಾಳಿ ಮೂರ್ನಾಲ್ಕು ತಿರುವು ಸುತ್ತಿ ಎರಡು ಮೀಟರಾದರೂ ಸಾಗಬೇಕು, ವೂಲ್ ಹೋದ ಮೇಲೂ ದಾರಿಯ ಅಗಲ ಕೊಳವೆಯ ಅಗಲಕ್ಕಿಂತ ಕಡಿಮೆಯಾಗಬಾರದು. ಫ್ಯಾನ್ ಹೊರತುದಿಯಲ್ಲಿ, ರಬ್ಬರಿನ ಮೇಲೆ. ಗೋಡೆ ದಾಟುವಲ್ಲಿ ಕೊಳವೆ ಬಳುಕುವಂಥದಿರಲಿ. ಆಷಾಢದಲ್ಲಿ ಹೊರಗಿನ ಗಾಳಿಯೇ ಒದ್ದೆ, ಕೋಣೆಯೊಳಗೆ ತೇವ ಹೀರುವ ಯಂತ್ರ, ಅಂದರೆ ಡೀಹ್ಯೂಮಿಡಿಫೈಯರ್ ಇಡದಿದ್ದರೆ ವಾದ್ಯದ ಚರ್ಮವೂ ಸಡಿಲ, ಬೋರ್ಡಿಗೂ ಬೂಷ್ಟು.

ವಿದ್ಯುತ್ತಿಗೆ ಒಂದೇ ತೂತು ಸಾಕು. ವೈರು ತೆರಪನ್ನು ದಾಟುವಲ್ಲಿ ಬಳುಕುವ ಪೈಪಿನಲ್ಲಿ ಒಂದು ಸುತ್ತು ಸಡಿಲ ಬಿಡಿ, ತೂತಿಗೆ ಎರಡೂ ಬದಿ ಸೀಲಂಟ್. ಸ್ವಿಚ್ ಬಾಕ್ಸ್ ಕೂರಿಸಲು ಬೋರ್ಡ್ ಕೊರೆಯಬೇಡಿ, ಮೇಲೇ ಹೊಡೆಯುವ ಬಾಕ್ಸ್ ಬಳಸಿ.

ಜನರೇಟರಿನ ವಿಷಯದಲ್ಲಿ ಕೋಣೆ ನಿಮ್ಮ ಕೈ ಹಿಡಿಯುವುದಿಲ್ಲ. 3000 ಆರ್‌ಪಿಎಂ ಸಿಂಗಲ್ ಸಿಲಿಂಡರ್ ಎಂಜಿನ್ ಸೆಕೆಂಡಿಗೆ 25 ಬಾರಿ ಸಿಡಿಯುತ್ತದೆ. 25 ಹರ್ಟ್ಸ್ ಈ ಗೋಡೆಯ 46 ಹರ್ಟ್ಸಿಗಿಂತ ಕೆಳಗೆ, ಅಲ್ಲಿ ಒಳಪದರ ಇದ್ದೂ ಇಲ್ಲದಂತೆ. ಅದನ್ನು ಮನೆಯಿಂದ ದೂರ, ಬೇರೆಯೇ ಕಾಂಕ್ರೀಟ್ ಕಟ್ಟೆಯ ಮೇಲೆ ಸ್ಪ್ರಿಂಗ್ ಮೌಂಟಿನಲ್ಲಿ ಕೂರಿಸಿ, ಹೊಗೆಕೊಳವೆಯ ಬಾಯಿ ಅತ್ತ ಕಡೆ ತಿರುಗಿಸುವುದೊಂದೇ ದಾರಿ.

ತೇವ ಮತ್ತು ಕಾಲ

ಪಶ್ಚಿಮ, ನೈರುತ್ಯಕ್ಕೆ ಮುಖವಿರುವ ಗೋಡೆ ಗಾಳಿಮಳೆಗೆ ನೆನೆಯುತ್ತದೆ. ಅದರ ಮುಂದೆ ವೂಲ್ ತುಂಬಿ ಮುಚ್ಚಿದರೆ ಒಳಗೆ ಏನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಕೋಣೆ ಕಟ್ಟುವ ಗೋಡೆಯನ್ನು ಒಂದು ಪೂರ್ತಿ ಮಳೆಗಾಲ ಬರಿದಾಗಿ ಬಿಟ್ಟು, ಎಲ್ಲೆಲ್ಲಿ ತೇವ ಮೂಡುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೊರಗಿನಿಂದಲೇ ಅದನ್ನು ಸರಿಪಡಿಸಿ, ಒಳಗಿನಿಂದ ಬಳಿಯುವ ಬಣ್ಣ ಇದಕ್ಕೆ ಉತ್ತರವಲ್ಲ. ವೂಲ್ ಫ್ರೇಮಿನೊಳಗೇ ನಿಂತು ಹೊರಗೋಡೆಯಿಂದ 40 ಮಿ.ಮೀ. ದೂರ ಇರಬೇಕೆಂದು ಮೇಲೆ ಹೇಳಿದ ಅಳತೆಯಲ್ಲೇ ಅಡಗಿದೆ. ಜೋಲಿ ಗೋಡೆಗೆ ತಾಗದಂತೆ ಹಿಂಬದಿಗೆ ಕೋಳಿಬಲೆ ಕಟ್ಟಿ.

ಫ್ರೇಮ್ ಕೆಲಸವನ್ನು ಯಾವಾಗ ಬೇಕಾದರೂ ಮಾಡಿಸಿ, ಬೋರ್ಡ್ ಮುಚ್ಚುವುದು ಮಾತ್ರ ಜನವರಿಯಿಂದ ಏಪ್ರಿಲ್ ಒಳಗೆ. ಕಾಫಿ ಕುಯ್ಲು ಮುಗಿಯುವವರೆಗೆ ಆಳು ಸಿಗುವುದು ಕಷ್ಟ, ಹೂಮಳೆ ಬಿದ್ದ ವಾರ ಬೋರ್ಡ್ ಹೊರಗಿಟ್ಟರೆ ಅಂಚು ಉಬ್ಬುತ್ತದೆ. ಲಾರಿಯಿಂದ ಇಳಿಸಿದ ಬೋರ್ಡನ್ನು ನೆಲಕ್ಕೆ ತಾಗಿಸದೆ ರೀಪಿನ ಮೇಲೆ ಮಲಗಿಸಿಡಿ, ಗೋಡೆಗೆ ಒರಗಿಸಿದರೆ ಬಾಗುತ್ತದೆ.

ಪರೀಕ್ಷೆಯನ್ನು ಎರಡನೆಯ ಪದರ ಹೊಡೆಯುವ ಮುನ್ನವೇ ಮಾಡಿ, ಆಗ ತಪ್ಪು ತಿದ್ದಲು ಬರುತ್ತದೆ. ರಾತ್ರಿ ಒಳಗಿನ ದೀಪ ಆರಿಸಿ ಒಬ್ಬರು ನಿಲ್ಲಲಿ, ಹೊರಗಿನಿಂದ ಇನ್ನೊಬ್ಬರು ಬಾಗಿಲಂಚು, ಗಾಳಿಪೆಟ್ಟಿಗೆಯ ಸುತ್ತ, ವೈರಿನ ತೂತಿಗೆ ಟಾರ್ಚ್ ಬಿಡಲಿ. ಬೆಳಕು ಕಂಡಲ್ಲಿ ಸೀಲಂಟ್. ಆಮೇಲೆ ಒಳಗೆ ಸ್ಪೀಕರಿನಲ್ಲಿ ಏಕರೂಪದ ಸುಯ್ ಸದ್ದು ಜೋರಾಗಿ ಹಾಕಿ, ಹೊರಗೆ ಗೋಡೆಗುಂಟ ಕಿವಿಯಿಟ್ಟು ನಡೆಯಿರಿ. ಮೊಬೈಲ್ ಆ್ಯಪ್ ತೋರಿಸುವ ಡೆಸಿಬೆಲ್ ನೆಚ್ಚಲು ಬರುವುದಿಲ್ಲ, ಆದರೆ ಒಂದೇ ಮೊಬೈಲಿನಲ್ಲಿ ಒಳಗೊಮ್ಮೆ ಹೊರಗೊಮ್ಮೆ ಅಳೆದ ವ್ಯತ್ಯಾಸ ಒಂದು ಅಂದಾಜು ಕೊಡುತ್ತದೆ.

ಫೋಮಿನ ಸರದಿ ಬರುವುದು ಇಷ್ಟೆಲ್ಲ ಆದ ಮೇಲೆ, ಅದೂ ಫೋಮ್ ಬೇಡವೇ ಬೇಡ. ಪಿಯು ಫೋಮ್ ಬೆಂಕಿ ಹತ್ತಿದರೆ ವಿಷದ ಹೊಗೆ ಉಗುಳುತ್ತದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ. ರಾಕ್‌ವೂಲನ್ನೇ ಎರಡು ಪದರ ಸೇರಿಸಿ 100 ಮಿ.ಮೀ. ಮಾಡಿ, ಬಟ್ಟೆ ಹೊದಿಸಿದ ಚೌಕಟ್ಟಿನಲ್ಲಿ ಮೂಲೆಗಳಿಗೂ ಮುಂದಿನ ಗೋಡೆಗೂ ನಿಲ್ಲಿಸಿ. ನೇತು ಹಾಕುವುದಾದರೆ ಸ್ಕ್ರೂ ಬೋರ್ಡಿನಿಂದಾಚೆ 10 ಮಿ.ಮೀ. ಮೀರಿ ಚಾಚದಂತೆ ಆರಿಸಿ. ಮುಂದೆಂದೋ ಶೆಲ್ಫ್ ಹೊಡೆಯಲು ಬರುವ ಬಡಗಿಯ ಕೈಯಲ್ಲಿ ಉದ್ದನೆಯ ಮೊಳೆಯೋ ಫಾಸ್ಟನರೋ ಇರುತ್ತದೆ. ಬೋರ್ಡಿನ ಹಿಂದೆ ಟೊಳ್ಳಿದೆ, ಅದರಾಚೆ ಮುಟ್ಟಬಾರದ ಗೋಡೆಯಿದೆ ಎಂದು ಅವನಿಗೆ ತಿಳಿಯುವಂತೆ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿಡಿ.